ಒಂದು ಬಿಟ್‌ಗೆ ಇಳಿದ ಜೀವಕೋಶ

ಮಾವಿನ ಹೋಳಿಗೆ ಉಪ್ಪು ಬೆರೆಸಿಟ್ಟರೆ ಮರುದಿನ ಭರಣಿಯ ತುಂಬ ನೀರು, ಹೋಳು ಸುರುಟಿರುತ್ತದೆ. ಯೀಸ್ಟ್ ಕೋಶವನ್ನು ಉಪ್ಪುನೀರಿಗೆ ಹಾಕಿದರೂ ಮೊದಲು ಅದೇ ಗತಿ. ಆದರೆ ಅದು ಜೀವಂತ, ಸುಮ್ಮನಿರುವುದಿಲ್ಲ. ಹಾಗ್1 ಎಂಬ ಪ್ರೋಟೀನು ಕೆಲವೇ ನಿಮಿಷದಲ್ಲಿ ಕೋಶಕೇಂದ್ರದೊಳಕ್ಕೆ ನುಗ್ಗುತ್ತದೆ. ಕೋಶ ಗ್ಲಿಸರಾಲ್ ಕೂಡಿಹಾಕಿಕೊಳ್ಳುತ್ತದೆ, ಕಳೆದುಕೊಂಡ ನೀರು ಮರಳುತ್ತದೆ, ಹಾಗ್1 ಮತ್ತೆ ಹೊರಗೆ ಬರುತ್ತದೆ.

2008ರಲ್ಲಿ ಎಂಐಟಿಯ ಅಲೆಕ್ಸಾಂಡರ್ ವಾನ್ ಔಡೆನಾರ್ಡೆನ್ ಅವರ ತಂಡ ಈ ಹಾಗ್1ಗೆ ಹೊಳೆಯುವ ಪ್ರೋಟೀನೊಂದನ್ನು ಜೋಡಿಸಿ, ಸೂಕ್ಷ್ಮದರ್ಶಕದ ಕೆಳಗೆ ಕೋಶಗಳ ಮೇಲೆ ಉಪ್ಪುನೀರು, ಸಪ್ಪೆನೀರುಗಳನ್ನು ಸರದಿಯ ಮೇಲೆ ಹರಿಸಿತು. ಸರದಿಯ ಅವಧಿ ಕೆಲವು ನಿಮಿಷದಿಂದ ಹಿಡಿದು ಎರಡು ತಾಸಿನವರೆಗೆ. ಆಂಪ್ಲಿಫೈಯರ್ ಕೈಗೆ ಕೊಟ್ಟರೆ ಎಲೆಕ್ಟ್ರಾನಿಕ್ಸ್ ಕಲಿತವರು ಮಾಡುವುದೂ ಇದನ್ನೇ. ಬಿಚ್ಚಿ ನೋಡುವುದಿಲ್ಲ, ಬೇರೆ ಬೇರೆ ಆವರ್ತನದ ಅಲೆ ಕೊಟ್ಟು ಹೊರಬರುವ ಅಲೆಯನ್ನು ಅಳೆಯುತ್ತಾರೆ. ಒಳಗಿನ ಹತ್ತಾರು ಪ್ರೋಟೀನುಗಳ ಲೆಕ್ಕಕ್ಕೆ ಹೋಗದೆ, ಕೆಲವೇ ಸಮೀಕರಣಗಳಲ್ಲಿ ಆ ತಂಡ ಒಂದು ಖಚಿತ ಮಾತು ಹೇಳಿತು: ಕೋಶ ಬೇಗ ಚೇತರಿಸಿಕೊಳ್ಳುವುದು ಹೊಸ ಜೀನುಗಳನ್ನು ಚಾಲೂ ಮಾಡಿ ಅಲ್ಲ, ಹಾಗ್1 ತಾನೇ ನಡೆಸುವ ತ್ವರಿತ ಹಿಮ್ಮಾಹಿತಿಯಿಂದ. ಸಂಕೇತ ಸಂಸ್ಕರಣೆ ಜೀವಶಾಸ್ತ್ರಕ್ಕೆ ಕೊಟ್ಟ ಕೊಡುಗೆಗಳಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಇದು. ಕೋಶಕ್ಕೆ ಪ್ರಶ್ನೆ ಕೇಳುವ ಹೊಸ ಬಗೆಯೊಂದನ್ನು ಅದು ಕಲಿಸಿತು.

ಮೂರು ವರ್ಷದ ನಂತರ ಬಂದ, ಇದಕ್ಕಿಂತ ಹೆಚ್ಚು ಸದ್ದು ಮಾಡಿದ ಪ್ರಬಂಧದ ಬಗ್ಗೆ ನನಗೆ ಅಷ್ಟು ಸಮಾಧಾನವಿಲ್ಲ. 2011ರಲ್ಲಿ ಆಂಡ್ರೆ ಲೆವ್ಚೆಂಕೊ, ಇಲ್ಯಾ ನೆಮೆನ್‌ಮನ್ ಮತ್ತು ಜೊತೆಯವರು ‘ಸೈನ್ಸ್’ ಪತ್ರಿಕೆಯಲ್ಲಿ ಕ್ಲಾಡ್ ಶ್ಯಾನನ್‌ರ ಮಾಹಿತಿ ಸಿದ್ಧಾಂತವನ್ನು ಇಲಿಯ ಕೋಶಗಳಿಗೆ ಅನ್ವಯಿಸಿದರು. ಉರಿಯೂತದ ಸುದ್ದಿ ತರುವ ಟಿಎನ್‌ಎಫ್ ಅಣುವನ್ನು ಬೇರೆ ಬೇರೆ ಪ್ರಮಾಣದಲ್ಲಿ ಕೊಟ್ಟು, ಅರ್ಧ ಗಂಟೆಯ ನಂತರ ಎನ್‌ಎಫ್-ಕಪ್ಪಾಬಿ ಎಂಬ ಪ್ರೋಟೀನು ಕೋಶಕೇಂದ್ರದಲ್ಲಿ ಎಷ್ಟು ಸೇರಿದೆ ಎಂದು ಅಳೆದರು. ಬಂದ ಉತ್ತರ 0.92 ಬಿಟ್. ಒಂದು ಬಿಟ್ ಎಂದರೆ ‘ಇದೆ’, ‘ಇಲ್ಲ’ ಎಂದು ಬೇರ್ಪಡಿಸುವಷ್ಟು ಮಾಹಿತಿ. ಅಂದರೆ ಕೋಶಕ್ಕೆ ಟಿಎನ್‌ಎಫ್ ಇದೆಯೋ ಇಲ್ಲವೋ ಎಂಬುದೂ ಪೂರ್ತಿ ಖಚಿತವಾಗಿ ತಿಳಿಯದು. ಎಷ್ಟಿದೆ ಎಂಬ ಮಾತಂತೂ ದೂರವೇ ಉಳಿಯಿತು.

ಗಣಿತ ತಪ್ಪಲ್ಲ. ಟಿಎನ್‌ಎಫ್ ಅಣುವನ್ನು ಹಿಡಿಯುವ ಗ್ರಾಹಕದ ಹಂತದಲ್ಲೇ ಮಾಹಿತಿ ಇಕ್ಕಟ್ಟಿಗೆ ಸಿಕ್ಕಿಕೊಳ್ಳುತ್ತದೆ, ಹಲವು ಕೋಶಗಳು ಒಟ್ಟಾಗಿ ಉತ್ತರಿಸಿದರೆ ಆ ಕೊರತೆ ತುಂಬುತ್ತದೆ ಎಂದು ಅವರೇ ತೋರಿಸಿದ್ದಾರೆ. ಆ ಭಾಗ ಇಂದಿಗೂ ಗಟ್ಟಿ. ನನ್ನ ತಕರಾರು ಅಳತೆಯ ಬಗ್ಗೆ. ಪ್ರೋಟೀನಿಗೆ ಬಣ್ಣ ಹಿಡಿಸಬೇಕಾದರೆ ಕೋಶವನ್ನು ಕೊಂದು ಅಚ್ಚೊತ್ತಿದಂತೆ ನಿಲ್ಲಿಸಬೇಕು. ಒಂದು ಕೋಶಕ್ಕೆ ಒಂದೇ ಫೋಟೊ, ಒಂದೇ ಪ್ರಮಾಣ. ಅದು ಹೇಗೆ ಏರಿತು, ಹೇಗೆ ಇಳಿಯಿತು ಎಂಬುದು ಆ ಫೋಟೊದಲ್ಲಿಲ್ಲ. 2014ರಲ್ಲಿ ರಾಯ್ ವೊಲ್‌ಮನ್ ಮತ್ತು ಸಂಗಡಿಗರು ಬದುಕಿರುವ ಒಂಬತ್ತು ಲಕ್ಷಕ್ಕೂ ಹೆಚ್ಚು ಕೋಶಗಳನ್ನು ಹೊತ್ತಿನ ಉದ್ದಕ್ಕೂ ಹಿಂಬಾಲಿಸಿ, ಇಡೀ ಏರಿಳಿತವನ್ನು ಉತ್ತರವೆಂದು ಎಣಿಸಿದರು. ಅಂಕಿ ಒಂದೂವರೆ ಬಿಟ್ ದಾಟಿತು. ಹಾಡಿನ ನಡುವಿನ ಒಂದು ಕ್ಷಣವನ್ನಷ್ಟೇ ಕತ್ತರಿಸಿ ಕೇಳಿಸಿ ‘ರಾಗ ಯಾವುದು?’ ಎಂದು ಕೇಳಿದ ಹಾಗಿತ್ತು ಮೊದಲಿನ ಪ್ರಯೋಗ.

ರಾಗದ ಮಾತು ಬಂದಿತಲ್ಲ, ಅದರಲ್ಲೇ ಇನ್ನೂ ಆಳದ ದೋಷವೊಂದು ಕಾಣುತ್ತದೆ. ಹತ್ತು ಗಾಯಕರನ್ನು ಕೂರಿಸಿ, ತಂಬೂರಿ ನಿಲ್ಲಿಸಿ, ಒಬ್ಬೊಬ್ಬರಿಂದ ಒಂದೇ ಒಂದು ಸ್ವರ ಹಾಡಿಸಿ ‘ಇದು ಗಾಂಧಾರವೋ ಮಧ್ಯಮವೋ?’ ಎಂದರೆ ದೊಡ್ಡ ವಿದ್ವಾಂಸರೂ ತಡವರಿಸುತ್ತಾರೆ. ಒಬ್ಬರ ಷಡ್ಜ ಇನ್ನೊಬ್ಬರ ಷಡ್ಜವಲ್ಲ. ಅಷ್ಟಕ್ಕೇ ಗಾಯಕರಿಗೆ ಸ್ವರಜ್ಞಾನವಿಲ್ಲ ಎನ್ನಲಾದೀತೆ? ಕೋಶಗಳಿಗೂ ತಮ್ಮ ತಮ್ಮ ಶ್ರುತಿ ಇದೆ. ಒಂದರಲ್ಲಿ ಗ್ರಾಹಕಗಳು ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಎಲ್ಲವನ್ನೂ ಒಂದೇ ರಾಶಿಗೆ ಸುರಿದು ಅಳೆದಾಗ ಅವುಗಳ ನಡುವಿನ ವ್ಯತ್ಯಾಸವೆಲ್ಲ ‘ಗದ್ದಲ’ ಎಂಬ ಖಾತೆಗೆ ಹೋಗುತ್ತದೆ. 2018ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನ ಸಂಶೋಧಕರು ಅದೇ ಕೋಶಕ್ಕೆ ಮತ್ತೆ ಮತ್ತೆ ಬೇರೆ ಬೇರೆ ಪ್ರಮಾಣದಲ್ಲಿ ಪ್ರಚೋದಕ ಕೊಟ್ಟು, ಅದರ ಕ್ಯಾಲ್ಸಿಯಂ ಉತ್ತರವನ್ನು ಅದರದೇ ಹಿಂದಿನ ಉತ್ತರದೊಡನೆ ಹೋಲಿಸಿದರು. ಎರಡು ಬಿಟ್‌ಗೂ ಮಿಗಿಲು, ಎಂದರೆ ನಾಲ್ಕು ಮಟ್ಟಗಳನ್ನಾದರೂ ಗುರುತಿಸಬಲ್ಲ ಜಾಣ್ಮೆ. ಅವರು ಪರೀಕ್ಷಿಸಿದ ಗ್ರಾಹಕ ಬೇರೆ, ಕೋಶವೂ ಬೇರೆ, ಆದ್ದರಿಂದ 0.92ಕ್ಕೆ ಇದು ನೇರ ಖಂಡನೆಯಲ್ಲ. ಆದರೂ ‘ಕೋಶದ ಸಾಮರ್ಥ್ಯ ಇಷ್ಟೇ’ ಎಂದು ಬರೆಯುವವರು ಇದನ್ನು ಓದಿ ಲೇಖನಿ ತಡೆಯಬೇಕಿತ್ತು.

ಬಿಟ್‌ನ ಲೆಕ್ಕ ಮುಟ್ಟದ ಇನ್ನೊಂದು ಸಂಗತಿಯಿದೆ. ಡಿಎನ್‌ಎಗೆ ಪೆಟ್ಟಾದಾಗ ಪಿ53 ಎಂಬ ಪ್ರೋಟೀನು ಸುಮಾರು 5.5 ಗಂಟೆಗೊಮ್ಮೆ ಏರಿ ಇಳಿಯುತ್ತದೆ. 2012ರಲ್ಲಿ ಹಾರ್ವರ್ಡ್‌ನ ಗಲಿಟ್ ಲಹಾವ್ ಅವರ ತಂಡ ನಟ್ಲಿನ್-3 ಔಷಧವನ್ನು ಲೆಕ್ಕಹಾಕಿದ ಹೊತ್ತುಗಳಲ್ಲಿ ಕೊಟ್ಟು, ಈ ಏರಿಳಿತವನ್ನು ಅಳಿಸಿ ಪಿ53 ಇಳಿಯದಂತೆ ಹಿಡಿದಿಟ್ಟಿತು. ಏರಿಳಿಯಲು ಬಿಟ್ಟ ಕೋಶಗಳಲ್ಲಿ ಬಹಳಷ್ಟು ಚೇತರಿಸಿಕೊಂಡು ಮತ್ತೆ ವಿಭಜನೆಗೆ ಹೊರಟವು. ಹಿಡಿದಿಟ್ಟ ಕೋಶಗಳು ಮುಪ್ಪಿಗೆ ಸಂದು ವಿಭಜನೆಯನ್ನೇ ಬಿಟ್ಟವು. ಉಳಿಯುವುದೋ ನಿಲ್ಲುವುದೋ ಎಂಬ ಈ ಆಯ್ಕೆ ಲೆಕ್ಕಕ್ಕೆ ಒಂದೇ ಬಿಟ್. ಆದರೆ ಕೋಶಕ್ಕೆ ಅದಕ್ಕಿಂತ ದೊಡ್ಡ ಸುದ್ದಿ ಯಾವುದಿದೆ? ಸುದ್ದಿಯ ಅರ್ಥಕ್ಕೂ ತನ್ನ ಲೆಕ್ಕಕ್ಕೂ ಸಂಬಂಧವಿಲ್ಲವೆಂದು ಶ್ಯಾನನ್ 1948ರಲ್ಲೇ ಗೆರೆ ಎಳೆದಿದ್ದರು. ಸಿಕ್ಕ ಸಿಕ್ಕ ಶಾಸ್ತ್ರಕ್ಕೆಲ್ಲ ತಮ್ಮ ಸಿದ್ಧಾಂತವನ್ನು ಅಂಟಿಸುವ ಉತ್ಸಾಹದ ಬಗ್ಗೆ 1956ರಲ್ಲಿ ಒಂದು ಪುಟ್ಟ ಸಂಪಾದಕೀಯ ಬರೆದು ಎಚ್ಚರಿಸಿದರು ಕೂಡ. ಕೋಶದ ಬಿಟ್ ಎಣಿಸುವವರು ಅದನ್ನು ಇನ್ನೊಮ್ಮೆ ಓದಬೇಕು ಎಂಬುದು ನನ್ನ ಮನವಿ.

ಅಲೆ ಕೊಟ್ಟು ಉತ್ತರ ಕೇಳುವ ದಾರಿ ಮಾತ್ರ ಫಲ ಕೊಡುತ್ತಲೇ ಇದೆ. 2015ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಅಮೀರ್ ಮಿಚೆಲ್, ವೆಂಡೆಲ್ ಲಿಮ್ ಮತ್ತಿತರರು ಅದೇ ಯೀಸ್ಟಿಗೆ ಮತ್ತೆ ಉಪ್ಪಿನ ಸರದಿ ಕೊಟ್ಟರು. ಸರದಿ ತೀರ ಬೇಗ ಬದಲಾದರೂ ಕೋಶ ತಾಳಿಕೊಂಡಿತು, ನಿಧಾನವಾಗಿ ಬದಲಾದರೂ ತಾಳಿಕೊಂಡಿತು. ಎಂಟು ನಿಮಿಷದ ಆಸುಪಾಸಿನಲ್ಲಿ ಮಾತ್ರ ಸೋತಿತು. ಪ್ರತಿ ಸಲವೂ ಹೊಸದಾಗಿ ಅಪಾಯ ಬಂತೆಂದು ಹಾಗ್1ನ ದಾರಿ ಅತಿಯಾಗಿ ಕೆರಳಿ, ಬೆಳವಣಿಗೆ ಕುಂಟಿತು. ಹೊಲದಲ್ಲಿ, ಹಣ್ಣಿನ ಸಿಪ್ಪೆಯ ಮೇಲೆ ಉಪ್ಪು ಎಂಟು ನಿಮಿಷಕ್ಕೊಮ್ಮೆ ಬಂದುಹೋಗುವುದಿಲ್ಲ, ಹಾಗಾಗಿ ಇದು ಪ್ರಯೋಗಶಾಲೆಯ ಕೃತಕ ಕಷ್ಟ ಎಂದು ಆಕ್ಷೇಪಿಸಬಹುದು. ನಾನು ಒಪ್ಪುವುದಿಲ್ಲ. ಸಹಜ ಬದುಕಿನಲ್ಲಿ ಬಹುಶಃ ಎದುರಾಗದ ಲಯವಾದರೂ ಹಾಗ್1ನ ದಾರಿಯೊಳಗಿನ ಬಿರುಕೊಂದನ್ನು ಅದು ಹೊರಗೆಡವಿತು; ಮಾಮೂಲಿ ಪ್ರಯೋಗದಲ್ಲಿ ಉಪ್ಪನ್ನು ಒಂದೇ ಸಲ ಸುರಿದು ಬಿಟ್ಟವರಿಗೆ ಆ ಬಿರುಕು ಕಂಡೂ ಇರಲಿಲ್ಲ.