ಖಾಲಿ ಫೋಲ್ಡರ್ ಹೇಳುವ ಸುಳ್ಳು

ಕಚೇರಿಗಳ ಮೇಲ್ ಸರ್ವರ್ ನೋಡಿಕೊಳ್ಳುವವರಲ್ಲಿ ಒಂದು ಮಾತು ಚಾಲ್ತಿಯಲ್ಲಿದೆ. ಪತ್ರಗಳನ್ನು ಫೋಲ್ಡರುಗಳಿಗೆ ಹಂಚಿಡುವ ಕಾಲ ಮುಗಿಯಿತು. ಎಲ್ಲ ಇನ್‌ಬಾಕ್ಸಿನಲ್ಲೇ ಬಿದ್ದಿರಲಿ. ಒಂದು ಸ್ಕ್ರಿಪ್ಟ್ ಬರೆದು ಎಲ್ಲರ ಮೇಲ್‌ಬಾಕ್ಸಿನಲ್ಲೂ ಸರ್ಚ್ ಫೋಲ್ಡರುಗಳನ್ನು, ಅಂದರೆ ಕೊಟ್ಟ ಷರತ್ತಿಗೆ ಹೊಂದುವ ಪತ್ರಗಳನ್ನು ಒಂದೆಡೆ ತೋರಿಸುವ ಪಟ್ಟಿಗಳನ್ನು, ಹುಟ್ಟಿಸಿಬಿಟ್ಟರೆ ಆಯಿತು. ಪತ್ರ ಇದ್ದಲ್ಲೇ ಇರುತ್ತದೆ, ನಕಲಾಗುವುದಿಲ್ಲ, ಹಾಗಾಗಿ ಅಪಾಯವೂ ಇಲ್ಲ, ಖರ್ಚೂ ಇಲ್ಲ ಎಂಬುದು ವಾದ. ಸಾಕ್ಷಿಗೆ ಜಿಮೇಲನ್ನು ಕರೆಯುತ್ತಾರೆ. ಆದರೆ 2004ರಲ್ಲಿ ಬಂದ ಜಿಮೇಲ್ ಹುಡುಕಾಟವನ್ನು ಎಷ್ಟೇ ಮೆರೆಸಿದರೂ ವಿಂಗಡಣೆಗೆಂದು ಕೊಟ್ಟದ್ದು ಲೇಬಲ್. ಲೇಬಲ್ ಪತ್ರಕ್ಕೇ ಅಂಟಿಕೊಳ್ಳುತ್ತದೆ. ಅದನ್ನು ಹಚ್ಚಿದ ಫಿಲ್ಟರನ್ನು ಅಳಿಸಿದರೂ ಹಳೆಯ ಪತ್ರಗಳ ಮೇಲೆ ಉಳಿಯುತ್ತದೆ. ಸರ್ಚ್ ಫೋಲ್ಡರಿನಲ್ಲಿ ಷರತ್ತು ಹೋದರೆ ವಿಂಗಡಣೆಯೂ ಹೋಯಿತು.

ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಸರ್ವರನ್ನೇ ತೆಗೆದುಕೊಳ್ಳಿ. ಔಟ್‌ಲುಕ್ 2003 ಸರ್ಚ್ ಫೋಲ್ಡರನ್ನು ಸಾಮಾನ್ಯ ಬಳಕೆದಾರರ ಕೈಗೆ ಕೊಟ್ಟಿತು. ಎಕ್ಸ್‌ಚೇಂಜ್ 2007ರ ವೆಬ್ ಸರ್ವಿಸಸ್ ಬಂದ ಮೇಲೆ ಅದನ್ನು ಪ್ರೋಗ್ರಾಂ ಮೂಲಕ ಮಾಡುವುದು ಸಲೀಸಾಯಿತು: ಹೆಸರು ಕೊಡಿ, ಯಾವ ಫೋಲ್ಡರಿನಲ್ಲಿ ಹುಡುಕಬೇಕು, ಒಳಫೋಲ್ಡರುಗಳೂ ಸೇರಬೇಕೇ ಎಂದು ಹೇಳಿ, ಷರತ್ತು ಬರೆದು ಸೇವ್ ಮಾಡಿ. ಇಷ್ಟು ಸುಲಭವಾದದ್ದೇ ತೊಂದರೆಗೆ ದಾರಿ. ನಾವೇ ಟೈಪ್ ಮಾಡಿ ಹುಡುಕಿದಾಗ ಏನೂ ಸಿಗದಿದ್ದರೆ ಇನ್ನೊಂದು ಪದ ಹಾಕಿ ನೋಡುತ್ತೇವೆ. ಬೇರೆ ಯಾರೋ ಮಾಡಿಟ್ಟ ಫೋಲ್ಡರ್ ಖಾಲಿಯಿದ್ದರೆ ಪತ್ರ ಬಂದೇ ಇಲ್ಲ ಎಂದು ನಂಬಿ ಸುಮ್ಮನಾಗುತ್ತೇವೆ.

ಕನ್ನಡದಲ್ಲಿ ವ್ಯವಹರಿಸುವ ಕಚೇರಿಯಲ್ಲಂತೂ ಇದು ಇನ್ನೂ ಬಿಗಡಾಯಿಸುತ್ತದೆ. ವಿಷಯದ ಸಾಲಿನಲ್ಲಿ ‘ರಜೆ’ ಇರುವ ಪತ್ರಗಳೆಲ್ಲ ಬರಲಿ ಎಂದು ಷರತ್ತು ಬರೆದರೆ ‘ರಜೆಯ ಕೋರಿಕೆ’ ಬರುತ್ತದೆ, ‘ರಜಾ ಅರ್ಜಿ’ ಬರುವುದಿಲ್ಲ. ‘ವರ್ಗಾವಣೆ’ ಎಂದರೆ ‘ವರ್ಗಾವಣಾ ಆದೇಶ’ ಹೊರಗುಳಿಯುತ್ತದೆ. ‘ಟ್ರಾನ್ಸ್‌ಫರ್’ ಎಂದೇ ಬರೆಯುವವರ ಸಂಖ್ಯೆಯೇನು ಕಡಿಮೆಯೇ? ಅಕ್ಷರಗಳ ಸಾಲನ್ನು ಹೋಲಿಸುವ ಷರತ್ತಿಗೆ ವ್ಯಾಕರಣ ಗೊತ್ತಿಲ್ಲ. ಸ್ಕ್ರಿಪ್ಟ್ ಬರೆದವನಿಗೆ ಹೊಳೆಯದ ರೂಪಗಳೆಲ್ಲ ಕಚೇರಿಯ ಅಷ್ಟೂ ಜನರ ಕಣ್ಣಿಂದ ಒಟ್ಟಿಗೆ ಮರೆಯಾಗುತ್ತವೆ.

ಖರ್ಚಿಲ್ಲ ಎಂಬುದೂ ಅರ್ಧ ಸತ್ಯ. ಸರ್ಚ್ ಫೋಲ್ಡರ್ ಜೀವಂತವಾಗಿರುವಷ್ಟು ಕಾಲ ಪತ್ರ ಬಂದಾಗ, ಬದಲಾದಾಗ, ಹೋದಾಗ ಸರ್ವರ್ ಷರತ್ತನ್ನು ಮತ್ತೆ ನೋಡಿ ಪಟ್ಟಿ ತಿದ್ದಬೇಕು. ಒಬ್ಬರ ಒಂದೆರಡು ಫೋಲ್ಡರಿಗೆ ಇದು ಲೆಕ್ಕಕ್ಕಿಲ್ಲ. ಸಾವಿರಾರು ಮೇಲ್‌ಬಾಕ್ಸುಗಳಲ್ಲಿ ಹತ್ತಾರು ಎಂದಾಗ ಲೆಕ್ಕ ಬೇರೆ. ಮೈಕ್ರೋಸಾಫ್ಟ್ ಗ್ರಾಫ್ ದಾಖಲೆಯೇ ಹೇಳುವಂತೆ, 45 ದಿನ ಯಾರೂ ಬಳಸದ ಸರ್ಚ್ ಫೋಲ್ಡರಿನ ಅವಧಿ ಮುಗಿಯುತ್ತದೆ. ಒಂದು ಮೂಲ ಫೋಲ್ಡರಿನ ಮೇಲೆ ಕಟ್ಟಬಹುದಾದವುಗಳಿಗೂ ಮಿತಿಯಿದೆ, ಮಿತಿ ಮೀರಿದರೆ ಹಳೆಯವು ಹೊಸದಕ್ಕೆ ಜಾಗ ಬಿಡುತ್ತವೆ. ತಯಾರಿಸಿದವರೇ ತಾತ್ಕಾಲಿಕವೆಂದು ಬಗೆದದ್ದನ್ನು ನಮ್ಮವರು ಕಡತದ ಬೀರುವಿನಂತೆ ನೆಚ್ಚಿಕೊಂಡಿದ್ದಾರೆ. ಸ್ಕ್ರಿಪ್ಟಿನ ಆಯುಸ್ಸೂ ಹೆಚ್ಚಿಲ್ಲ: ಕ್ಲೌಡ್ ಮೇಲ್‌ಬಾಕ್ಸುಗಳಿಗೆ ಅದೇ ವೆಬ್ ಸರ್ವಿಸಸ್ಸಿನ ಬಾಗಿಲನ್ನು 2026ರ ಅಕ್ಟೋಬರಿನಿಂದ ಮುಚ್ಚುವುದಾಗಿ ಕಂಪನಿ 2023ರಲ್ಲೇ ಘೋಷಿಸಿತ್ತು.

ಇನ್ನು ಅಳಿಸುವ ವಿಚಾರ. ಸರ್ಚ್ ಫೋಲ್ಡರನ್ನೇ ಅಳಿಸಿದರೆ ಪತ್ರಗಳಿಗೆ ಏನೂ ಆಗುವುದಿಲ್ಲ. ಅದರೊಳಗೆ ಕಾಣುವ ಪತ್ರವನ್ನು ಅಳಿಸಿದರೆ ಮೂಲ ಪತ್ರವೇ ಹೋಗುತ್ತದೆ. ತಾನೇ ಕಟ್ಟಿಕೊಂಡವನಿಗೆ ಈ ವ್ಯತ್ಯಾಸ ನೆನಪಿದ್ದೀತು. ಸೋಮವಾರ ಬೆಳಿಗ್ಗೆ ಪರದೆಯ ಎಡಬದಿಯಲ್ಲಿ ಹೊಸ ಫೋಲ್ಡರ್ ಕಂಡ ಗುಮಾಸ್ತರಿಗೆ ಅದನ್ನು ಯಾರು ತಿಳಿಸಿದ್ದಾರೆ?

ಓದದ ಪತ್ರಗಳು, ಭಾರೀ ಗಾತ್ರದ ಪತ್ರಗಳು, ಈ ವಾರ ಬಂದವು: ಇಂಥವಕ್ಕೆ ಸರ್ಚ್ ಫೋಲ್ಡರಿನಷ್ಟು ಒಳ್ಳೆಯ ಉಪಾಯ ಇನ್ನೊಂದಿಲ್ಲ. ಇಲ್ಲಿ ಷರತ್ತು ಪದವನ್ನು ನೆಚ್ಚುವುದಿಲ್ಲ, ತಪ್ಪುವುದೂ ಇಲ್ಲ. ಆದರೆ ನಾಳೆ ಯಾರಾದರೂ ಲೆಕ್ಕ ಕೇಳಬಹುದಾದ ಪತ್ರವಿದ್ದರೆ ಅದನ್ನು ಬರುವಾಗಲೇ ರೂಲ್ ಹಾಕಿ ನಿಜವಾದ ಫೋಲ್ಡರಿಗೆ ಸೇರಿಸಿ. ರೂಲೂ ತಪ್ಪಬಹುದು, ಆದರೆ ತಪ್ಪಿಸಿಕೊಂಡ ಪತ್ರ ಇನ್‌ಬಾಕ್ಸಿನಲ್ಲೇ ಎದ್ದು ಕಾಣುತ್ತದೆ. ಇಷ್ಟಾದ ಮೇಲೂ ಎಲ್ಲರಿಗೂ ಸರ್ಚ್ ಫೋಲ್ಡರ್ ಹಂಚಲೇಬೇಕೆಂದಿದ್ದರೆ, ದಯವಿಟ್ಟು ಅದರ ಷರತ್ತನ್ನು ಬಳಸುವವರ ಕೈಗೆ ಬರೆದುಕೊಡಿ.