ಒಗ್ಗರಣೆಗೆ ಮಿರ್ಚಿಯೇ ಏಕೆ?

ಬಿಯರಿಗೆ ಚೀಸು ಒಗ್ಗುವುದು ಬಿಯರಿನ ನೊರೆಯೂ ಕಹಿಯೂ ನಾಲಿಗೆಯ ಜಿಡ್ಡನ್ನು ತೊಳೆಯುವುದರಿಂದ. ಇದೇ ಲೆಕ್ಕವನ್ನು ಹೊಸಪೇಟೆ, ಕಂಪ್ಲಿ, ಸಂಡೂರಿನ ಹೋಟೆಲುಗಳು ಮಂಡಕ್ಕಿ ಒಗ್ಗರಣೆ ಮತ್ತು ಮಿರ್ಚಿಯ (ಮೆಣಸಿನಕಾಯಿ ಬಜ್ಜಿಯ) ಜೋಡಿಯಲ್ಲಿ ಇನ್ನೂ ಚೊಕ್ಕಟವಾಗಿ ಬಿಡಿಸಿವೆ ಎಂಬುದು ನನ್ನ ವಾದ. ನೆನೆಸಿ ಹಿಂಡಿದ ಮಂಡಕ್ಕಿ ಮೆತ್ತಗೆ, ಹಗುರ. ಈರುಳ್ಳಿ, ಅರಿಸಿನದ ಒಗ್ಗರಣೆ ಬಿದ್ದರೂ ಅದರದು ತಗ್ಗಿದ ದನಿ. ಮಿರ್ಚಿಯಲ್ಲಿ ಗರಿಗರಿ, ಎಣ್ಣೆ, ಖಾರ ಮೂರೂ ಇವೆ. ಮೆಣಸಿನಕಾಯಿಯ ಖಾರ ನೀರಿನಲ್ಲಿ ಸರಿಯಾಗಿ ಕರಗದು, ಎಣ್ಣೆಯಲ್ಲಿ ಕರಗುತ್ತದೆ. ಹಾಗಾಗಿ ಲೋಟಗಟ್ಟಲೆ ನೀರು ಕುಡಿದರೂ ಉರಿ ಆರದು. ಮಂಡಕ್ಕಿಯೂ ಮೇಲೆ ಉದುರಿಸಿದ ಪುಟಾಣಿ ಹಿಟ್ಟೂ ಆ ಎಣ್ಣೆಯನ್ನು ಹೀರಿ ನಾಲಿಗೆಯನ್ನು ಮುಂದಿನ ತುತ್ತಿಗೆ ಅಣಿಗೊಳಿಸುತ್ತವೆ.

ಎರಡೂ ಅಗ್ಗವೆಂದು ಜೊತೆಯಾದವು, ಇದರಲ್ಲಿ ಜಾಣ್ಮೆ ಎಲ್ಲಿ ಬಂತು ಎನ್ನಬಹುದು. ಅಗ್ಗ ನಿಜ. ಮಂಡಕ್ಕಿಯಾಗುವುದು ಅಕ್ಕಿ, ಅದು ಇಲ್ಲೇ ಬೆಳೆಯುತ್ತದೆ: ವಿಜಯನಗರದ ಕಾಲದ ತುರ್ತು ಎಂಬ ಕಾಲುವೆ ಹಂಪಿಯ ಗದ್ದೆಗಳಿಗೆ ಇಂದಿಗೂ ನೀರುಣಿಸುತ್ತದೆ. ಇಲ್ಲಿ ಅಕ್ಕಿ ಹಳಬ, ಪೋರ್ಚುಗೀಸರ ಹಡಗಿನಲ್ಲಿ ಬಂದ ಮೆಣಸಿನಕಾಯಿಯೇ ಹೊಸಬ. ಆದರೆ ಬೋಂಡಾ, ವಡೆಯೂ ದುಬಾರಿಯೇನಲ್ಲ. ಆದರೂ ಒಗ್ಗರಣೆಯ ಪಕ್ಕದ ಜಾಗ ಮಿರ್ಚಿಗೇ ದಕ್ಕಿತೆಂದರೆ ಬೆಲೆಯೊಂದೇ ಕಾರಣವಾಗಲಾರದು. ಕರಿದದ್ದು ಒಳ್ಳೆಯದಲ್ಲ ಎಂಬ ಮಾತಿಗೆ ನನ್ನಲ್ಲಿ ಉತ್ತರವಿಲ್ಲ (ಚೀಸು ಪ್ರಿಯರಲ್ಲೂ ಇರಲಾರದು). ತಿನ್ನುವುದಾದರೆ ಮಿರ್ಚಿಯನ್ನು ಕೊನೆಗೆ ಉಳಿಸಿಕೊಳ್ಳದೆ, ಬಿಸಿ ಆರುವ ಮುಂಚೆ, ತುತ್ತಿಗೊಮ್ಮೆ ಕಚ್ಚಬೇಕು.