ಘಮವೆಲ್ಲ ಶುಚಿಯಲ್ಲ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕರಲ್ಲಿ ಯಾವ ಊರಿನ ದಿನಸಿ ಅಂಗಡಿಗೆ ಹೋದರೂ ಸುವಾಸನೆಗೇ ಮೀಸಲಾದ ಒಂದು ಸಾಲು ಕಾಣುತ್ತದೆ. ಬಾತ್‌ರೂಮಿನಲ್ಲಿ ತೂಗುಹಾಕುವ ಪೊಟ್ಟಣ, ಹಾಲಿಗೆ ಹೊಡೆಯುವ ಸ್ಪ್ರೇ, ಪ್ಲಗ್ಗಿಗೆ ಸಿಕ್ಕಿಸುವ ಬುಡ್ಡಿ, ನೆಲ ಒರೆಸುವ ಬಣ್ಣದ ನೀರು, ಬಟ್ಟೆ ಜಾಲಿಸುವ ಕೊನೆಯ ಬಕೆಟ್ಟಿಗೆ ಕಂಡೀಷನರ್, ಬೀರುವಿಗೆ ನುಸಿಗುಳಿಗೆ, ಕಪ್ ಸಾಂಬ್ರಾಣಿ, ಬಗೆಬಗೆಯ ಊದುಬತ್ತಿ. ಘಮ್ಮೆಂದರೆ ಮನೆ ಚೊಕ್ಕಟ ಎಂಬ ನಂಬಿಕೆಯೇ ಇವೆಲ್ಲದರ ಬಂಡವಾಳ. ಈಚೆಗೆ ಇದರ ಬೆನ್ನಿಗೆ ಇನ್ನೊಂದು ನಂಬಿಕೆಯೂ ಬೆಳೆದಿದೆ: ಡಬ್ಬಿಯ ಮೇಲೆ ‘ನೈಸರ್ಗಿಕ’ ಎಂದು ಬರೆದಿದ್ದರೆ ಭಯವಿಲ್ಲ. ಎರಡೂ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಘಮ ಗಿಡದಿಂದ ಬಂತೋ ಕಾರ್ಖಾನೆಯಿಂದ ಬಂತೋ ಎಂದು ಕೇಳುವ ಮೊದಲು ಮೂರು ಪ್ರಶ್ನೆ ಕೇಳಬೇಕು. ಅದು ಉರಿದು ಬಂದದ್ದೇ? ಮುಚ್ಚಿದ ಕೋಣೆಯಲ್ಲಿ ನಿಂತಿತೇ? ಅದನ್ನು ಉಸಿರಾಡಿದವರು ಯಾರು?

ಮೊದಲು ಸ್ಪ್ರೇ. ಅದು ದುರ್ವಾಸನೆಯನ್ನು ತೆಗೆಯುವುದು ಕಡಿಮೆ. ಅದರ ಮೇಲೆ ಇನ್ನೊಂದು ವಾಸನೆಯನ್ನು ಹೊದಿಸುತ್ತದೆ. ಡಬ್ಬಿಯೊಳಗೆ ದ್ರವವನ್ನು ಹೊರದೂಡಲು ಬ್ಯೂಟೇನ್, ಪ್ರೊಪೇನ್‌ನಂಥ ಅನಿಲ, ಕರಗಿಸಲು ದ್ರಾವಕ, ಜೊತೆಗೆ ಹತ್ತಾರು ಸುಗಂಧ ರಾಸಾಯನಿಕಗಳು. ಘಮ ಬೇಗ ಹಾರಿಹೋಗದಿರಲೆಂದು ಥಾಲೇಟ್‌ಗಳನ್ನು ಬಳಸುವುದುಂಟು. ಇವುಗಳಲ್ಲಿ ಕೆಲವು ದೇಹದ ಹಾರ್ಮೋನುಗಳ ಕೆಲಸಕ್ಕೆ ಅಡ್ಡಬರುತ್ತವೆ. ನಿಂಬೆಯ ಘಮ ಕೊಡುವ ಲಿಮೋನೀನ್ ಗಾಳಿಯಲ್ಲಿರುವ ಓಜೋನ್ ಜೊತೆ ಸೇರಿದಾಗ ಫಾರ್ಮಾಲ್ಡಿಹೈಡ್ ಮತ್ತು ಅತಿ ಸೂಕ್ಷ್ಮ ಕಣಗಳು ಹುಟ್ಟುತ್ತವೆ. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ಹೇಳಿದೆ. ಲಿಮೋನೀನ್ ನಿಂಬೆ ಸಿಪ್ಪೆಯ ಎಣ್ಣೆಯಲ್ಲೂ ಇದೆ ಎಂಬುದನ್ನು ‘ನೈಸರ್ಗಿಕ’ ಎಂದು ನೆಚ್ಚಿಕೊಂಡವರು ಗಮನಿಸಬೇಕು.

ಆದರೆ ನಮ್ಮ ಮನೆಗಳಲ್ಲಿ ಸ್ಪ್ರೇಗಿಂತ ದೊಡ್ಡ ಸಮಸ್ಯೆ ಹೊಗೆ. ಒಂದು ಸೊಳ್ಳೆಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟುಗಳಷ್ಟು ಸೂಕ್ಷ್ಮ ಕಣಗಳನ್ನು ಬಿಡುತ್ತದೆಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳೆದು ತೋರಿಸಿತು. ಸಿಂಗಪುರದಲ್ಲಿ 61 ಸಾವಿರಕ್ಕೂ ಹೆಚ್ಚು ಜನರನ್ನು ಹಲವು ವರ್ಷ ಗಮನಿಸಿದ ಅಧ್ಯಯನವೊಂದು 2008ರಲ್ಲಿ ಹೊರಬಂತು. ಮನೆಯಲ್ಲಿ ದೀರ್ಘಕಾಲ ಧೂಪ ಉರಿಸಿದವರಲ್ಲಿ ಉಸಿರ್ದಾರಿಯ ಮೇಲ್ಭಾಗದ ಕ್ಯಾನ್ಸರ್ ಹಾಗೂ ಒಂದು ಬಗೆಯ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಿರುವುದನ್ನು ಅದು ಕಂಡಿತು. ಅಲ್ಲಿನ ಹಲವು ಮನೆಗಳಲ್ಲಿ ಧೂಪ ಹಗಲಿಡೀ ಉರಿಯುತ್ತದೆ. ಬೆಳಿಗ್ಗೆ ದೇವರಿಗೆ ಒಂದು ಕಡ್ಡಿ ಹಚ್ಚುವವರನ್ನು ಆ ಲೆಕ್ಕದಿಂದ ಹೆದರಿಸುವುದು ನ್ಯಾಯವಲ್ಲ. ಆದರೆ ಅರಕಲಗೂಡು ತಾಲ್ಲೂಕಿನಲ್ಲಿ ಹೊಗೆಸೊಪ್ಪಿನ ಬ್ಯಾರನ್ ಮುಂದೆ ಬೆಂಕಿ ನೋಡಿಕೊಂಡು, ಮನೆಗೆ ಬಂದು ಸೌದೆ ಒಲೆಯ ಪಕ್ಕ ಕೂತು, ರಾತ್ರಿ ಸೊಳ್ಳೆಬತ್ತಿ ಹಚ್ಚಿ ಮಲಗುವವರ ಎದೆಗೆ ಇಳಿಯುವ ಹೊಗೆಯನ್ನು ಒಟ್ಟುಗೂಡಿಸಿಯೇ ಲೆಕ್ಕ ಹಾಕಬೇಕು.

ಈ ಒಟ್ಟು ಲೆಕ್ಕ ಅತಿ ಹೆಚ್ಚು ಭಾರವಾಗಿ ಬೀಳುವುದು ಬಾಣಂತಿ ಕೋಣೆಯಲ್ಲಿ. ಶೀತ ತಟ್ಟದಿರಲೆಂದು ಕಿಟಕಿಗೆ ಬಟ್ಟೆ ಕಟ್ಟಿರುತ್ತದೆ. ಮಗುವಿಗೆ ಎಣ್ಣೆ ಒತ್ತಿ, ಬಿಸಿನೀರು ಎರೆದು, ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ಹೊಗೆ ಹಿಡಿಯುತ್ತಾರೆ. ಎರೆಯುವ ಅಜ್ಜಿಯರ ಕೈಯಲ್ಲಿರುವ ಪ್ರೀತಿ, ಹದ, ಅನುಭವ ದೊಡ್ಡದು. ಎಣ್ಣೆ, ನೀರು, ಮೆತ್ತನೆಯ ಹಳೆ ಸೀರೆಯ ಬಟ್ಟೆ, ಎಳೆಬಿಸಿಲು ಎಲ್ಲವೂ ಉಳಿಯಬೇಕು. ಹೊಗೆ ಮಾತ್ರ ನಿಲ್ಲಬೇಕು. ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡಿದರೆ ಹಸುಗೂಸು 40ರಿಂದ 60 ಸಲ ಉಸಿರಾಡುತ್ತದೆ. ಅದರ ಶ್ವಾಸಕೋಶ ಇನ್ನೂ ಬೆಳೆಯುತ್ತಿದೆ. ಮುಚ್ಚಿದ ಕೋಣೆಯ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ. ಅದು ತಾಯಿ-ಮಗು ಇಬ್ಬರ ಜೀವಕ್ಕೂ ಎರವಾಗಬಹುದು. ಸಾಂಬ್ರಾಣಿ ಮರದ ಅಂಟೇ ಆಗಿರಲಿ, ಸುಟ್ಟಮೇಲೆ ಅದು ಹೊಗೆಯೇ.

ಅದೇ ಕೋಣೆಗೆ ಟ್ರಂಕಿನಿಂದ ತೆಗೆದ ಹಳೆ ಬಟ್ಟೆಯ ಜೊತೆ ನುಸಿಗುಳಿಗೆಯೂ ಬರುತ್ತದೆ. ಅದರಲ್ಲಿರುವ ನ್ಯಾಫ್ತಲೀನ್, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಕಾಮಾಲೆ ಏರುತ್ತದೆ, ಮಿತಿಮೀರಿದರೆ ಮಿದುಳಿಗೂ ಪೆಟ್ಟು ಬೀಳುತ್ತದೆ. ಕೊರತೆ ಇದೆಯೆಂದು ನೋಟಕ್ಕೆ ತಿಳಿಯುವುದಿಲ್ಲ. ಹಾಗಾಗಿ ಹಸುಗೂಸಿನ ಬಟ್ಟೆಯ ಹತ್ತಿರ ನುಸಿಗುಳಿಗೆ ಸುಳಿಯಲೇಬಾರದು. ಟ್ರಂಕಿನ ಬಟ್ಟೆಯನ್ನು ಒಗೆದು, ಬಿಸಿಲಿಗೆ ಹಾಕಿ, ವಾಸನೆ ಪೂರ್ತಿ ಹೋದ ಮೇಲೆಯೇ ಮಗುವಿಗೆ ಹೊದಿಸಬೇಕು.

ಹಾಗಾದರೆ ಬದಲಿ ಯಾವುದು? ಕರ್ಪೂರವನ್ನು ಹಲವರು ಸೂಚಿಸುತ್ತಾರೆ. ಅಂಗಡಿಯ ಕರ್ಪೂರದಲ್ಲಿ ಬಹುಪಾಲು ಟರ್ಪೆಂಟೈನಿನಿಂದ ಕಾರ್ಖಾನೆಯಲ್ಲಿ ಆದದ್ದು. ಚಿಕ್ಕ ಮಕ್ಕಳು ಸ್ವಲ್ಪ ನುಂಗಿದರೂ ಫಿಟ್ಸ್ ಬರಬಹುದು. ಸಗಣಿಯ ಧೂಪದ ಕಪ್, ಬೇವಿನ ಸೊಪ್ಪಿನ ಹೊಗೆ ಇವೂ ಉರಿದೇ ಘಮ ಕೊಡುವಂಥವು; ಮನೆಯೊಳಗೆ ಇವಕ್ಕೆ ರಿಯಾಯಿತಿ ಸಲ್ಲದು. ಬೆಂಕಿ ಬೇಡದ ಪರಿಮಳ ನಮ್ಮಲ್ಲಿ ಬೇಕಾದಷ್ಟಿದೆ. ಬಟ್ಟೆಯ ನಡುವೆ ಲಾವಂಚದ ಬೇರು, ಕಚೋರ, ಒಣಗಿದ ಬೇವಿನೆಲೆ. ದೇವರ ಮನೆಗೆ ದವನ, ಮರುಗ, ಮಲ್ಲಿಗೆ, ಸಂಪಿಗೆ, ತೇಯ್ದ ಗಂಧ. ಹಿತ್ತಲಲ್ಲಿ ತುಳಸಿ, ಮಜ್ಜಿಗೆಹುಲ್ಲು. ಹೂವಿನ ಪರಿಮಳದಿಂದ ತಲೆನೋವು ಬರುವವರೂ ಇದ್ದಾರೆ. ಅವರ ಮುಂದೆ ಮಲ್ಲಿಗೆಯೂ ಹಠ ಹಿಡಿಯಬಾರದು. ಚನ್ನರಾಯಪಟ್ಟಣದ ಕಡೆ ರಾಶಿ ಬೀಳುವ ತೆಂಗಿನ ಚಿಪ್ಪು ಇನ್ನೊಂದು ಒಳ್ಳೆಯ ದಾರಿ. ಅದನ್ನು ಬಯಲಿನಲ್ಲಿ ಸುಟ್ಟು ಮಾಡಿ ಆರಿಸಿದ ಇದ್ದಿಲನ್ನು ಬುಟ್ಟಿಯಲ್ಲಿ ಹಾಕಿ ಬೀರು, ಶೂ ಗೂಡು, ಫ್ರಿಜ್ಜಿನಲ್ಲಿಟ್ಟರೆ ವಾಸನೆಯನ್ನು ಸ್ವಲ್ಪ ಮಟ್ಟಿಗೆ ಹೀರಿಕೊಳ್ಳುತ್ತದೆ, ತಾನು ಏನನ್ನೂ ಬಿಡುವುದಿಲ್ಲ.

ಅದೇ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಹನ್ನೆರಡು ವರ್ಷಕ್ಕೊಮ್ಮೆ, ಕಳೆದ ಸಲ 2018ರಲ್ಲಿ, 58 ಅಡಿಯ ಬಾಹುಬಲಿಗೆ ನಡೆದ ಮಹಾಮಸ್ತಕಾಭಿಷೇಕವನ್ನು ನೋಡಿದವರು ಪರಿಮಳದ ಒಂದು ದೊಡ್ಡ ಪಾಠವನ್ನೂ ನೋಡಿದ್ದಾರೆ. ಎಳನೀರು, ಕಬ್ಬಿನ ಹಾಲು, ಅರಿಶಿನ, ಕಷಾಯ, ಗಂಧ, ಹೂವು ಎಲ್ಲವೂ ಬೆಟ್ಟದ ಮೇಲೆ, ಬಯಲ ಗಾಳಿಯಲ್ಲಿ ಇಳಿಯುತ್ತವೆ. ಭಕ್ತಿಗೆ ಪರಿಮಳ ಬೇಕು. ಅದಕ್ಕೆ ಹೊಗೆ ತುಂಬಿದ ಕೋಣೆ ಬೇಕಿಲ್ಲ.

ಕೆಟ್ಟ ವಾಸನೆಗೆ ಮೂಲ ಹುಡುಕುವುದೇ ಎಲ್ಲ ಬದಲಿಗಳಿಗಿಂತ ಮೇಲು. ಅರಕಲಗೂಡಿನ ಅರೆಮಲೆನಾಡಿನಲ್ಲಿ ಮಳೆಗಾಲದ ಮುಗ್ಗಲು, ಮೂರು ಸಾವಿರ ಅಡಿ ಎತ್ತರದ ಹಾಸನದಲ್ಲಿ ಚಳಿಗೆ ಮುಚ್ಚಿದ ಕಿಟಕಿ, ಊರೆಲ್ಲ ಹಬ್ಬಿದ ಅಟ್ಯಾಚ್ಡ್ ಬಾತ್‌ರೂಮು, ಇವೇ ನಿಜವಾದ ಕಾರಣ. ತೊಟ್ಟಿಮನೆಯ ನಡುವೆ ಆಕಾಶ ಇತ್ತು. 30-40 ಸೈಟಿನ ಮನೆಯಲ್ಲಿ ಅದರ ಕೆಲಸವನ್ನು ಎದುರುಬದುರು ಕಿಟಕಿ ಮತ್ತು ಎಕ್ಸಾಸ್ಟ್ ಫ್ಯಾನು ಮಾಡಬೇಕು. ಕೆಲವು ದಿನ ಬಳಸದ ಬಾತ್‌ರೂಮಿನ ನಹಾನಿ ಟ್ರ್ಯಾಪಿನಲ್ಲಿ ನೀರು ಒಣಗಿದರೆ ಚರಂಡಿಯ ಗಾಳಿ ನೇರ ಮೇಲೆ ಬರುತ್ತದೆ. ಒಂದು ಚೊಂಬು ನೀರು ಸುರಿದರೆ ನಿಲ್ಲುವ ಆ ನಾತಕ್ಕೆ ತಿಂಗಳು ತಿಂಗಳು ಪೊಟ್ಟಣ ತಂದು ತೂಗುಹಾಕುತ್ತೇವೆ. ಸೊಳ್ಳೆಗೆ ಕಿಟಕಿಯ ಜಾಲರಿಯೂ ಪರದೆಯೂ ಬತ್ತಿಗಿಂತ ಮೇಲು.

ಉಳಿದದ್ದು ಸರ್ಕಾರದ ಪಾಲು. ಯುರೋಪಿನಲ್ಲಿ 2005ರಲ್ಲೇ ಬಟ್ಟೆ ಒಗೆಯುವ ಸಾಮಗ್ರಿಗಳ ಮೇಲೆ ಅಲರ್ಜಿ ತರಬಲ್ಲ 26 ಸುಗಂಧ ದ್ರವ್ಯಗಳನ್ನು ಹೆಸರಿಸಬೇಕೆಂಬ ನಿಯಮ ಬಂತು. ನಮ್ಮಲ್ಲಿ ‘ಪರ್ಫ್ಯೂಮ್’ ಎಂಬ ಒಂದೇ ಪದದ ಹಿಂದೆ ಎಲ್ಲವೂ ಅಡಗಿರುತ್ತದೆ. ಊದುಬತ್ತಿಗೆಂದು ಭಾರತೀಯ ಮಾನಕ ಬ್ಯೂರೊ 2025ರ ಡಿಸೆಂಬರಿನಲ್ಲಿ ಮಾನದಂಡ ಪ್ರಕಟಿಸಿ, ಅಲೆಥ್ರಿನ್, ಪರ್ಮೆಥ್ರಿನ್‌ನಂಥ ಕೀಟನಾಶಕಗಳನ್ನೂ ಕೆಲವು ಕೃತಕ ಸುಗಂಧ ದ್ರವ್ಯಗಳನ್ನೂ ಬಳಸಕೂಡದೆಂದಿದೆ. ಊದುಬತ್ತಿಗೆ ದೇಶದಲ್ಲೇ ಹೆಸರಾದ ನಾಡು ಕರ್ನಾಟಕ. ಅದನ್ನು ಹೊಸೆಯುವ ಹೆಣ್ಣುಮಕ್ಕಳಿಂದ ಹಿಡಿದು ಹಚ್ಚುವ ಮನೆಯವರೆಗೆ ಎಲ್ಲರಿಗೂ ಒಳಗೇನಿದೆಯೆಂದು ಕನ್ನಡದಲ್ಲಿ ಓದುವ ಹಕ್ಕಿದೆ.

ದೇವರ ಮುಂದಿನ ಒಂದು ಕಡ್ಡಿಯನ್ನು ಕಿಟಕಿ ತೆರೆದು ಹಚ್ಚಿ. ಅದಕ್ಕೆ ನನ್ನ ಆಕ್ಷೇಪವಿಲ್ಲ. ಬಾಣಂತಿ ಕೋಣೆಯ ಹೊಗೆ, ಮಗುವಿನ ಬಟ್ಟೆಯ ನುಸಿಗುಳಿಗೆ, ಉಬ್ಬಸದವರು ಮಲಗುವ ಕಡೆಯ ಸ್ಪ್ರೇ ಮತ್ತು ಸೊಳ್ಳೆಬತ್ತಿ ಈ ನಾಲ್ಕನ್ನು ಇಂದೇ ಬಿಡಬಹುದು. ಬಿಡುವುದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ.